ಎಕ್ಸ್‌100ವಿಐ: ಹಳೆಯ ವೇಷದಲ್ಲಿ ಕೆಲಸಕ್ಕೆಷ್ಟು, ಚೆಂದಕ್ಕೆಷ್ಟು?

ಲೆನ್ಸ್ ಬದಲಿಸಲಾಗದ, ಜೂಮ್ ಇಲ್ಲದ, ನೋಡಲು 1960ರ ದಶಕದ ರೇಂಜ್‌ಫೈಂಡರ್ ಎಂಬ ಬಗೆಯ ಫಿಲ್ಮ್ ಕ್ಯಾಮೆರಾದಂತಿರುವ ಡಿಜಿಟಲ್ ಕ್ಯಾಮೆರಾವೊಂದನ್ನು ಫ್ಯೂಜಿಫಿಲ್ಮ್ ಸಂಸ್ಥೆ 2010ರ ಸೆಪ್ಟೆಂಬರ್‌ನಲ್ಲಿ ಫೋಟೊಕಿನಾ ಎಂಬ ಛಾಯಾಗ್ರಹಣ ಮೇಳದಲ್ಲಿ ಪ್ರದರ್ಶಿಸಿ, ಮರುವರ್ಷ ಮಾರಾಟಕ್ಕೆ ಬಿಟ್ಟಿತು. ಆ ಎಕ್ಸ್‌100ರ ಸೆನ್ಸರ್ 12 ಮೆಗಾಪಿಕ್ಸೆಲ್‌ನದಾಗಿತ್ತು. 2024ರಲ್ಲಿ ಬಂದ ಆರನೆಯ ಮಾದರಿಯಾದ ಎಕ್ಸ್‌100ವಿಐಯಲ್ಲಿ 40 ಮೆಗಾಪಿಕ್ಸೆಲ್‌ನ ಎಪಿಎಸ್‌-ಸಿ ಸೆನ್ಸರ್ ಇದೆ, ಕೈನಡುಕವನ್ನು ತಡೆಯುವ ವ್ಯವಸ್ಥೆ ಈ ಸರಣಿಯಲ್ಲಿ ಮೊದಲ ಬಾರಿಗೆ ಕ್ಯಾಮೆರಾದ ಒಡಲಿನೊಳಗೇ ಬಂದಿದೆ. ಇದಕ್ಕೂ ಹಿಂದಿನ, 2020ರ ಎಕ್ಸ್‌100ವಿ, ಸಾಮಾಜಿಕ ಜಾಲತಾಣಗಳ ಕಿರುವಿಡಿಯೊಗಳಿಂದ ಎಷ್ಟು ಪ್ರಸಿದ್ಧವಾಯಿತೆಂದರೆ, ಹೊಸದು ಸಿಗದೆ ಬಳಸಿದ ಕ್ಯಾಮೆರಾಗಳೇ ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾದವು. ಹೀಗೆ ರೂಪಕ್ಕೆ ಮರುಳಾಗಿ ಕೊಳ್ಳುವವರೇ ಬಹಳವಿರುವಾಗ, ಈ ಹಳೆಯ ವೇಷದಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಒಪ್ಪಕ್ಕೆ ಇದೆ ಎಂದು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಡಯಲ್‌ಗಳು. ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರದ ಅಳತೆ, ಬದಲಿಸಲು ಲೆನ್ಸಿನ ಸುತ್ತ ಒಂದು ಬಳೆಯಿದೆ, ನೆತ್ತಿಯ ಮೇಲೆ ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ತೀರ್ಮಾನಿಸುವ ಶಟರ್ ವೇಗಕ್ಕೊಂದು, ಎಕ್ಸ್‌ಪೋಶರ್ ಹೆಚ್ಚುಕಡಿಮೆ ಮಾಡಲು ಇನ್ನೊಂದು ಡಯಲ್ ಇದೆ. ಕ್ಯಾಮೆರಾವನ್ನು ಚಾಲೂ ಮಾಡದೆಯೇ, ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಒಮ್ಮೆ ಕಣ್ಣಾಡಿಸಿದರೆ ಮುಂದಿನ ಚಿತ್ರ ಯಾವ ಲೆಕ್ಕದಲ್ಲಿ ಮೂಡುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. ಅಪರ್ಚರ್ ಬಳೆಯನ್ನೂ ಶಟರ್ ಡಯಲನ್ನೂ ‘ಎ’ ಅಕ್ಷರಕ್ಕೆ ತಂದು ನಿಲ್ಲಿಸಿದರೆ ಎಲ್ಲವೂ ಸ್ವಯಂಚಾಲಿತ. ಒಂದನ್ನು ಮಾತ್ರ ಅಲ್ಲಿಂದ ಸರಿಸಿದರೆ ಅಷ್ಟರಮಟ್ಟಿಗೆ ಹಿಡಿತ ನಮ್ಮದು. ಛಾಯಾಗ್ರಹಣ ಕಲಿಯುತ್ತಿರುವವರಿಗೆ ಮೆನುಗಳ ಕಾಡಿಗಿಂತ ಇದು ಎಷ್ಟೋ ಸರಳವಾದ ಪಾಠ. ಇಲ್ಲಿ ಹಳೆಯ ವಿನ್ಯಾಸ ಬರೀ ಅಲಂಕಾರವಲ್ಲ.

ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮವಾಗಿರಬೇಕೆಂದು ಹೇಳುವ ಐಎಸ್‌ಒ ಡಯಲಿನ ಕಥೆ ಬೇರೆ. ಶಟರ್ ಡಯಲಿನ ಹೊರ ಅಂಚನ್ನು ಮೇಲಕ್ಕೆತ್ತಿ ತಿರುಗಿಸಬೇಕು, ಅಂಕಿ ಕಾಣುವುದು ಒಂದು ಪುಟ್ಟ ಕಿಂಡಿಯಲ್ಲಿ. ಫಿಲ್ಮ್ ಕಾಲದಲ್ಲಿ ರೋಲ್ ಹಾಕಿದಾಗ ಒಮ್ಮೆ ಹೊಂದಿಸಿದರೆ ಅದು ಮುಗಿಯುವ ತನಕ ಆ ಅಂಕಿಯನ್ನು ಮುಟ್ಟುವ ಪ್ರಸಂಗವಿರಲಿಲ್ಲವಾದ್ದರಿಂದ ಎತ್ತಿ ತಿರುಗಿಸುವ ಏರ್ಪಾಡು ಸಾಧುವಾಗಿತ್ತು. ಬಿಸಿಲಿನಿಂದ ಕೋಣೆಯೊಳಗೆ ಕಾಲಿಟ್ಟೊಡನೆ ಐಎಸ್‌ಒ ಬದಲಾಗಬೇಕಾದ ಡಿಜಿಟಲ್ ಕ್ಯಾಮೆರಾದಲ್ಲಿ ಅದು ಶುದ್ಧ ವೇಷ. ಹೆಚ್ಚಿನವರು ಅದನ್ನು ‘ಎ’ಯಲ್ಲಿಯೋ, ಬೆರಳ ತುದಿಯ ಚಕ್ರಕ್ಕೆ ವಹಿಸುವ ‘ಸಿ’ಯಲ್ಲಿಯೋ ಬಿಟ್ಟು ಮರೆತುಬಿಡುತ್ತಾರೆ, ಅದೇ ಸರಿ. ಹಿಡಿತಕ್ಕೆಂದು ಮುಂಭಾಗದಲ್ಲಿರುವ ಚಿಕ್ಕ ಉಬ್ಬು ಕೂಡ ಹಳೆಯ ಆಕಾರ ಕೆಡದಿರಲೆಂದು ಮಾಡಿಕೊಂಡ ರಾಜಿಯೇ. 521 ಗ್ರಾಂ ತೂಕವನ್ನು ಒಂದೇ ಕೈಯಲ್ಲಿ ಬಹಳ ಹೊತ್ತು ಹಿಡಿದರೆ ಬೆರಳುಗಳು ಸೋಲುತ್ತವೆ.

ಈ ಕ್ಯಾಮೆರಾದ ನಿಜವಾದ ಸಂಪತ್ತು ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್. ಮುಂಭಾಗದ ಸಣ್ಣ ಸನ್ನೆಯನ್ನು ಎಳೆದರೆ ಗಾಜಿನ ಮೂಲಕ ಕಾಣುವ ನೇರ ನೋಟವೂ ಎಲೆಕ್ಟ್ರಾನಿಕ್ ನೋಟವೂ ಅದಲುಬದಲಾಗುತ್ತವೆ. ಗಾಜಿನ ನೋಟದಲ್ಲಿ ಚೌಕಟ್ಟಿನ ಗೆರೆಗಳ ಆಚೆಗೂ ಸ್ವಲ್ಪ ಕಾಣುವುದರಿಂದ, ಬೀದಿಯಲ್ಲಿ ಒಬ್ಬರು ಚಿತ್ರದೊಳಗೆ ಕಾಲಿಡುವ ಮೊದಲೇ ಅವರ ಬರವು ತಿಳಿಯುತ್ತದೆ. ವ್ಯೂಫೈಂಡರ್ ಲೆನ್ಸಿನ ನೆತ್ತಿಯಲ್ಲಿರದೆ ಮೂಲೆಯಲ್ಲಿರುವುದರಿಂದ ಹತ್ತಿರದ ವಸ್ತುಗಳಿಗೆ ನೋಟವೂ ಚಿತ್ರವೂ ತಾಳೆಯಾಗುವುದಿಲ್ಲ. ಫೋಕಸ್ ಆದೊಡನೆ ಗೆರೆಗಳು ಸರಿದು ಅದನ್ನು ತಿದ್ದುತ್ತವೆ. ಲೆನ್ಸಿಗೆ ನೆರಳಿನ ಹುಡ್ ಹಾಕಿದರೆ ನೋಟದ ಕೆಳಮೂಲೆ ಮುಚ್ಚಿಹೋಗುತ್ತದೆ ಎಂಬುದೂ ಉಂಟು. ಹತ್ತಿರದ ಚಿತ್ರಕ್ಕೆ ಎಲೆಕ್ಟ್ರಾನಿಕ್ ನೋಟವೇ ಲೇಸು.

ಲೆನ್ಸ್ ಅಂಟಿಕೊಂಡಿರುವುದರಿಂದ ಬರುವ ಲಾಭಗಳೂ ಸಣ್ಣವಲ್ಲ. ಶಟರ್ ಸೆನ್ಸರಿನ ಮುಂದೆ ಪರದೆಯಾಗಿರದೆ ಲೆನ್ಸಿನೊಳಗೇ ಎಲೆಗಳಾಗಿ ತೆರೆದು ಮುಚ್ಚುವುದರಿಂದ, ಅದರ ಸದ್ದು ಪಕ್ಕದಲ್ಲಿ ಕೂತವರಿಗೂ ಅಷ್ಟಾಗಿ ಕೇಳಿಸದು. ಸಾಮಾನ್ಯ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಕೈಕೊಡುವಷ್ಟು ವೇಗದಲ್ಲಿಯೂ ಇಲ್ಲಿ ಫ್ಲ್ಯಾಶ್ ಬಳಸಬಹುದು. ಇದರ ಜೊತೆಗೆ ಬೆಳಕನ್ನು ನಾಲ್ಕು ಸ್ಟಾಪ್, ಅಂದರೆ ಹದಿನಾರನೇ ಒಂದು ಭಾಗಕ್ಕೆ ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೇ ಇದೆ. ಅದರ ಬೆಲೆ ನಡುಹಗಲಿನಲ್ಲಿ ತಿಳಿಯುತ್ತದೆ: ಐಎಸ್‌ಒ 125ರಲ್ಲಿ ಅಪರ್ಚರನ್ನು ಪೂರ್ತಿ ತೆರೆದು ಎಫ್‌/2 ಇಟ್ಟರೆ ಬಿಸಿಲಿಗೆ 1/8000 ಸೆಕೆಂಡಿನಷ್ಟು ವೇಗ ಬೇಕು, ಈ ಯಾಂತ್ರಿಕ ಶಟರಿನ ಮಿತಿ 1/4000. ಫಿಲ್ಟರ್ ಹಾಕಿದೊಡನೆ ಅದು 1/500ಕ್ಕೆ ಇಳಿದು, ಮುಖದ ಹಿಂದಿನ ಹಿನ್ನೆಲೆಯನ್ನು ನಿರಾಯಾಸವಾಗಿ ಮಸುಕಾಗಿಸಬಹುದು.

ಬಿಟ್ಟುಕೊಡಬೇಕಾದದ್ದು ದೂರ. 23 ಮಿ.ಮೀ. ಲೆನ್ಸ್ ಪೂರ್ಣಚೌಕಟ್ಟಿನ, ಅಂದರೆ ಹಳೆಯ ಫಿಲ್ಮಿನಷ್ಟೇ ಅಗಲದ ಸೆನ್ಸರಿನ, ಲೆಕ್ಕದಲ್ಲಿ 35 ಮಿ.ಮೀ.ಗೆ ಸಮ, ಬೀದಿ, ಕೋಣೆ, ಊಟದ ಮೇಜಿನ ಸುತ್ತ ಕೂತ ಮನೆಮಂದಿಗೆ ಅದು ಹೇಳಿ ಮಾಡಿಸಿದ ಅಳತೆ, ಹಕ್ಕಿಗೂ ರಂಗದ ಮೇಲಿನ ನಟರಿಗೂ ನಿಷ್ಪ್ರಯೋಜಕ. ಮುಖವನ್ನು ದೊಡ್ಡದಾಗಿ ಹಿಡಿಯಲು ತೀರ ಸನಿಹಕ್ಕೆ ಹೋದರೆ ಮೂಗು ಉಬ್ಬಿ ಕಾಣುತ್ತದೆ. ಕ್ಯಾಮೆರಾ ನೀಡುವ 50 ಮತ್ತು 70 ಮಿ.ಮೀ. ‘ಟೆಲಿಕನ್ವರ್ಟರ್’ ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ಕೊಡುವ ಕ್ರಮವಷ್ಟೆ: ಮೊದಲನೆಯದರಲ್ಲಿ 40ರ ಪೈಕಿ ಸುಮಾರು 20, ಎರಡನೆಯದರಲ್ಲಿ 10 ಮೆಗಾಪಿಕ್ಸೆಲ್ ಮಾತ್ರ ನಿಜವಾದ ವಿವರವಾಗಿ ಉಳಿಯುತ್ತವೆ. ಮುದ್ರಣಕ್ಕೆ ಇದು ಸಾಕಾಗಬಹುದು, ಉದ್ದ ಲೆನ್ಸಿನ ಹಿನ್ನೆಲೆ ಮಸುಕು ಮಾತ್ರ ಇದರಿಂದ ದಕ್ಕದು.

ಫೋಕಸ್ ಬಗ್ಗೆ ಹೊಗಳಿಕೆಗೆ ಮಿತಿ ಬೇಕು. ಪ್ರಾಣಿ, ಹಕ್ಕಿ, ವಾಹನಗಳನ್ನು ಗುರುತಿಸುವ ಜಾಣ್ಮೆ ಬಂದಿದ್ದರೂ ಲೆನ್ಸ್ ಎಕ್ಸ್‌100ವಿಯದೇ ಆದ್ದರಿಂದ, ಓಡಿ ಬರುವ ಮಗುವಿನ ಹಿಂದೆ ಅದರ ಮೋಟಾರು ತಡವರಿಸುತ್ತದೆ. ವಿಡಿಯೊ ಉಂಟು, ಅದಕ್ಕಾಗಿ ಇದನ್ನು ಕೊಳ್ಳುವವರು ವಿರಳ. ಮಳೆಹನಿ, ದೂಳಿನಿಂದ ರಕ್ಷಣೆ ಬೇಕೆಂದರೆ ಅಡಾಪ್ಟರ್ ಬಳೆಯನ್ನೂ 49 ಮಿ.ಮೀ. ಫಿಲ್ಟರನ್ನೂ ಪ್ರತ್ಯೇಕವಾಗಿ ಕೊಳ್ಳಬೇಕೆಂಬುದು ಈ ದರ್ಜೆಯ ಕ್ಯಾಮೆರಾಕ್ಕೆ ಒಪ್ಪದ ಜಿಪುಣತನ. ಬಣ್ಣಗಳ ವಿಷಯದಲ್ಲಿ ಮಾತ್ರ ಆಕ್ಷೇಪವಿಲ್ಲ: ಕ್ಲಾಸಿಕ್ ಕ್ರೋಮ್, ಕಪ್ಪುಬಿಳುಪಿನ ಆಕ್ರೋಸ್, ಹೊಸದಾಗಿ ಸೇರಿದ ರಿಯಾಲಾ ಏಸ್ ಮೊದಲಾದ, ಫಿಲ್ಮಿನ ಬಣ್ಣವನ್ನು ಅನುಕರಿಸುವ ಫಿಲ್ಮ್ ಸಿಮ್ಯುಲೇಶನ್‌ಗಳು ತಿದ್ದುವ ಗೋಜಿಲ್ಲದ ಜೆಪೆಗ್ ಕೊಡುತ್ತವೆ. ಸಂಸ್ಕರಿಸದ ಮೂಲವಾದ ರಾ ಕಡತವೂ ಜೊತೆಗಿದ್ದರೆ ಕ್ಯಾಮೆರಾದಲ್ಲಿಯೇ ಇನ್ನೊಂದು ಬಣ್ಣದಲ್ಲಿ ಮತ್ತೆ ಸಂಸ್ಕರಿಸಬಹುದು.

ಜೇಬಿನಲ್ಲಿಟ್ಟುಕೊಂಡು ಹೋಗುವುದೇ ಮುಖ್ಯವಾದವರಿಗೆ 257 ಗ್ರಾಂ ತೂಗುವ ರಿಕೊ ಜಿಆರ್‌ 3 ಹೆಚ್ಚು ಹೊಂದುತ್ತದೆ. ಅದಕ್ಕೆ ವ್ಯೂಫೈಂಡರೂ ಇಲ್ಲ, ಹಳೆಯ ವೇಷದ ಹಂಗೂ ಇಲ್ಲ. ಪೂರ್ಣಚೌಕಟ್ಟಿನ ಸೆನ್ಸರ್ ಬೇಕೆಂದರೆ ಲೈಕಾ ಕ್ಯೂ ಸರಣಿಯಿದೆ, ಅದರ ಬೆಲೆ ಬೇರೆಯೇ ಲೋಕದ್ದು. ಎಕ್ಸ್‌100 ಸರಣಿಯಲ್ಲಿಯೇ ಹಣ ಉಳಿಸಬೇಕೆನ್ನುವವರು 2017ರ ಎಕ್ಸ್‌100ಎಫ್ ನೋಡಬಹುದು: 24 ಮೆಗಾಪಿಕ್ಸೆಲ್ ಇಂದಿಗೂ ಧಾರಾಳ, ಆದರೆ ಅದರ ಹಳೆಯ ಲೆನ್ಸ್ ಎಫ್‌/2ರಲ್ಲಿ ಹತ್ತಿರದ ವಸ್ತುಗಳನ್ನು ಸ್ವಲ್ಪ ಮೆದುವಾಗಿ ಚಿತ್ರಿಸುತ್ತದೆ. ಬಳಸಿದ್ದನ್ನು ಕೊಳ್ಳುವಾಗ ಹಣ ಕೊಡುವ ಮುನ್ನ ಅಪರ್ಚರನ್ನು ಕಿರಿದಾಗಿಸಿ ಎಫ್‌/16ರಲ್ಲಿ ಬರಿಯ ಬಿಳಿಗೋಡೆಯ ಚಿತ್ರವೊಂದನ್ನು ತೆಗೆದು, ಪರದೆಯಲ್ಲಿ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ನೋಡಬೇಕು. ಕಪ್ಪು ಚುಕ್ಕೆಗಳಿದ್ದರೆ ಅದು ಸೆನ್ಸರಿನ ಮೇಲಿನ ದೂಳು, ಮತ್ತು ಲೆನ್ಸ್ ಬಿಚ್ಚಲು ಬಾರದ ಈ ಕ್ಯಾಮೆರಾದಲ್ಲಿ ಅದನ್ನು ಒರೆಸಲು ದುರಸ್ತಿ ಕೇಂದ್ರಕ್ಕೇ ಹೋಗಬೇಕಾಗುತ್ತದೆ.