ಆಗುಂಬೆ, ಚಾರ್ಮಾಡಿ, ಮಾಳ: ರಸ್ತೆ ಸೈಕಲ್ಲಿಗೆ ಯಾವ ಘಾಟಿ?

ಕಾರ್ಕಳದಿಂದ ಬಜಗೋಳಿ, ಮಾಳ ಮಾರ್ಗವಾಗಿ ಎಸ್.ಕೆ. ಬಾರ್ಡರ್‌ಗೆ (ಹಳೆಯ ಸೌತ್ ಕೆನರಾ, ಅಂದರೆ ದಕ್ಷಿಣ ಕನ್ನಡ ಜಿಲ್ಲೆಯ ಗಡಿ) ಏರುವ ರಸ್ತೆಯೇ ನನಗೆ ಹೆಚ್ಚು ಇಷ್ಟ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ತೀರ್ಮಾನಕ್ಕೆ ಬರುವ ಮೊದಲು ಕಳೆದ ಎರಡು ವರ್ಷಗಳಲ್ಲಿ, ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ, ಆಗುಂಬೆಯನ್ನು ಐದು ಬಾರಿ, ಚಾರ್ಮಾಡಿಯನ್ನು ಮೂರು ಬಾರಿ, ಮಾಳವನ್ನು ಎಂಟು ಬಾರಿ ಒಂದೇ ಸೈಕಲ್ಲಿನಲ್ಲಿ ಏರಿದ್ದೇನೆ. ಶಿರಾಡಿಯನ್ನು ಹೋಲಿಕೆಗೆ ತೆಗೆದುಕೊಂಡಿಲ್ಲ. ಬೆಂಗಳೂರು–ಮಂಗಳೂರು ನಡುವಿನ ಲಾರಿಗಳೆಲ್ಲ ಓಡಾಡುವ ಆ ಹೆದ್ದಾರಿಯಲ್ಲಿ ತೆಳ್ಳನೆಯ ಚಕ್ರದ ಸೈಕಲ್ಲು ತುಳಿಯುವಂತೆ ನಾನು ಯಾರಿಗೂ ಹೇಳಲಾರೆ.

ಆಗುಂಬೆಯಿಂದ ಪ್ರಾರಂಭಿಸುತ್ತೇನೆ, ಏಕೆಂದರೆ ಹೊಸ ಸೈಕಲ್ಲು ಕೊಂಡವರೆಲ್ಲರೂ ಮೊದಲು ಹೋಗುವುದು ಅಲ್ಲಿಗೇ, ನಾನು ಹೋದದ್ದೂ ಅಲ್ಲಿಗೇ. ಸೋಮೇಶ್ವರದ ಚೆಕ್‌ಪೋಸ್ಟ್ ದಾಟಿದ ಸ್ವಲ್ಪ ಹೊತ್ತಿಗೆ ಏರು ಆರಂಭವಾಗುತ್ತದೆ. ಏಳೆಂಟು ಕಿಲೋಮೀಟರ್ ಒಳಗೆ ಐನೂರು ಮೀಟರಿಗೂ ಹೆಚ್ಚು ಎತ್ತರ ಏರಿ, ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಕಳೆದು, ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ರಸ್ತೆ ಸಮತಟ್ಟಾಗುತ್ತದೆ. ಕಾಡಿನ ನೆರಳು, ತಂಪು, ದೂರ ಕಡಿಮೆ, ಭಾರೀ ಲಾರಿಗಳಿಗೆ ನಿಷೇಧ. ಕಾಗದದ ಮೇಲೆ ನೋಡಿದರೆ ಮೂರರಲ್ಲಿ ಅತ್ಯುತ್ತಮವಾದದ್ದು ಇದೇ.

ತೊಂದರೆ ಇರುವುದು ಎಡಕ್ಕೆ ತಿರುಗುವ ಹೇರ್‌ಪಿನ್‌ಗಳಲ್ಲಿ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ, ಏರುವಾಗ ಬಲಕ್ಕೆ ತಿರುಗುವ ಕಡೆ ನಮಗೆ ಸಿಗುವುದು ತಿರುವಿನ ಹೊರಅಂಚು. ಅಲ್ಲಿ ಸುತ್ತು ದೊಡ್ಡದು, ಆದ್ದರಿಂದ ಏರು ಸೌಮ್ಯ, ಒಂದೆರಡು ಉಸಿರು ಸುಧಾರಿಸಿಕೊಳ್ಳಬಹುದು. ಎಡಕ್ಕೆ ತಿರುಗುವ ಕಡೆ ಸಿಗುವುದು ಒಳಅಂಚು. ಅಷ್ಟೇ ಎತ್ತರವನ್ನು ಕೆಲವೇ ಮೀಟರುಗಳಲ್ಲಿ ಏರಬೇಕಾದ್ದರಿಂದ ಅಲ್ಲಿ ರಸ್ತೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅದೇ ಜಾಗದಲ್ಲಿ ಹಿಂದಿನಿಂದ ಮಿನಿಬಸ್ ಬಂದರೆ ಕಷ್ಟ. ವೇಗ ಕಳೆದುಕೊಂಡರೆ ಬಸ್ಸು ಮತ್ತೆ ಏರುವುದಿಲ್ಲವಾದ್ದರಿಂದ ಚಾಲಕರು ನಿಲ್ಲಿಸಲಾರರು. ಅವರು ಮೊದಲು ಬಲಕ್ಕೆ ಅಗಲವಾಗಿ ಹೋಗಿ ಆಮೇಲೆ ಎಡಕ್ಕೆ ತಿರುಗಿಸುತ್ತಾರೆ. ಮುಂದಿನ ಚಕ್ರ ನಮ್ಮಿಂದ ಎರಡು ಮೀಟರ್ ದೂರದಲ್ಲಿ ಹೋಗಿರುತ್ತದೆ, ಆದರೆ ಹಿಂದಿನ ಚಕ್ರ ಅದೇ ಜಾಡಿನಲ್ಲಿ ಬಾರದೆ ಒಳಕ್ಕೆ ಸರಿದು ನಾವಿರುವ ಅಂಚನ್ನೇ ಸವರಿಕೊಂಡು ಬರುತ್ತದೆ.

ನನ್ನ ಎರಡನೆಯ ಸವಾರಿಯಲ್ಲಿ ಎಂಟನೆಯ ತಿರುವಿನಲ್ಲಿ ಆದದ್ದು ಇದೇ. ಮುಂದಿನ ಬಾಗಿಲು ನನ್ನನ್ನು ದಾಟಿದಾಗ ಬಸ್ಸು ಹೋಯಿತೆಂದುಕೊಂಡೆ. ಮರುಕ್ಷಣವೇ ಅದರ ಪಕ್ಕದ ತಗಡು ನನ್ನ ಬಲ ಮೊಣಕೈಯ ಹತ್ತಿರಕ್ಕೆ ಬಂತು. ಎಡಕ್ಕೆ ಸರಿದರೆ ಚರಂಡಿ, ಅದರ ಅಂಚಿನ ಕಲ್ಲುಗಳ ಮೇಲೆ ಹಸಿರು ಪಾಚಿ. ನಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿದ್ದ ನನಗೆ ಪೆಡಲಿಗೆ ಕಚ್ಚಿಕೊಂಡಿದ್ದ ಬೂಟಿನ ಕ್ಲೀಟ್ ಬಿಡಿಸಿ ಪಾದ ಕೆಳಗಿಡಲು ಸಮಯ ಸಾಲಲಿಲ್ಲ. ಸೈಕಲ್ಲಿನ ಸಮೇತ ಎಡಕ್ಕೆ ವಾಲಿ ಚರಂಡಿಯ ಪಕ್ಕದಲ್ಲಿ ಬಿದ್ದೆ. ಮೊಣಕಾಲು ತರಚಿತು, ಗೇರು ಬದಲಿಸುವಾಗ ಚೈನನ್ನು ಸರಿಸುವ ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಬಾಗಿತು. ಬಸ್ಸಿನವರದು ತಪ್ಪೆಂದು ನಾನು ಹೇಳುವುದಿಲ್ಲ. ಆ ತಿರುವಿನ ಅಳತೆಯಲ್ಲಿ ಬಸ್ಸಿಗೂ ಸೈಕಲ್ಲಿಗೂ ಒಟ್ಟಿಗೆ ಜಾಗವಿಲ್ಲ.

ಅನಂತರದ ಮೂರು ಸವಾರಿಗಳಲ್ಲಿ ಒಂದು ರೂಢಿ ಮಾಡಿಕೊಂಡೆ. ಎಡ ತಿರುವು ಬರುವ ಮೊದಲಿನ ನೇರ ಭಾಗದಲ್ಲಿಯೇ ಹಿಂದೆ ಇಂಜಿನಿನ ಸದ್ದಿದೆಯೇ ಎಂದು ಕಿವಿಗೊಟ್ಟು, ಇದ್ದರೆ ಅಲ್ಲಿಯೇ ಇಳಿದು ನಿಂತು, ವಾಹನ ತಿರುವನ್ನು ಪೂರ್ತಿ ದಾಟಿದ ಮೇಲೆ ಹೊರಡುವುದು. ಇದರಿಂದ ಅಪಾಯ ತಪ್ಪಿತು, ಆದರೆ ಏರುವ ಸುಖವೂ ತಪ್ಪಿತು. ಕಡಿದಾದ ಏರಿನಲ್ಲಿ ನಿಂತ ಸೈಕಲ್ಲನ್ನು ಮತ್ತೆ ಹೊರಡಿಸುವುದು ಸುಲಭವಲ್ಲ. ಒಂದು ಕಾಲಿನಿಂದ ತುಳಿದು ಇನ್ನೊಂದು ಕಾಲನ್ನು ಪೆಡಲಿಗೆ ಸೇರಿಸುವಷ್ಟರಲ್ಲಿ ಚಕ್ರ ನಿಂತುಬಿಡುತ್ತದೆ. ಹದಿನಾಲ್ಕು ತಿರುವುಗಳಲ್ಲಿ ಐದಾರು ಕಡೆ ಹೀಗೆ ನಿಂತು ಹೊರಟರೆ ಅದನ್ನು ಸವಾರಿಯೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಆಗುಂಬೆಯ ಏರನ್ನು ಹಗುರ ಮಾಡಿಕೊಳ್ಳಲು ನಾನು ಹಣವನ್ನೂ ಸುರಿದೆ. ನನ್ನ ಸೈಕಲ್ಲಿಗೆ ಮುಂದೆ, ಪೆಡಲಿನ ಬಳಿ, 34 ಹಲ್ಲಿನ ಚಿಕ್ಕ ಚೈನ್‌ರಿಂಗ್ (ಹಲ್ಲುಚಕ್ರ), ಹಿಂದಿನ ಚಕ್ರದ ಕ್ಯಾಸೆಟ್‌ನಲ್ಲಿ, ಅಂದರೆ ಹಲ್ಲುಚಕ್ರಗಳ ಗುಂಪಿನಲ್ಲಿ, ಅತಿ ದೊಡ್ಡದು 28 ಹಲ್ಲಿನದಿತ್ತು. ಘಾಟಿಗೂ ಇದೇ ಸಾಕೆಂದು ಅಂಗಡಿಯಲ್ಲಿ ಹೇಳಿದ್ದರು. ಈ ಜೋಡಣೆಯಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ವೇಗ. ನೂರು ಮೀಟರಿಗೆ ಹತ್ತು ಮೀಟರ್ ಏಳುವ ಕಡೆ, ಸವಾರ ಮತ್ತು ಸೈಕಲ್ಲು ಸೇರಿ 80 ಕೆ.ಜಿ. ಇದ್ದರೆ, ಆ ವೇಗ ಕಾಯ್ದುಕೊಳ್ಳಲು 200 ವಾಟ್ ಬೇಕು. ವಾರದಲ್ಲಿ ಎರಡು ದಿನ ಸೈಕಲ್ಲು ಹತ್ತುವ ನನಗೆ ಅಷ್ಟು ಶಕ್ತಿಯನ್ನು ಹೆಚ್ಚು ಹೊತ್ತು ಕೊಡಲಾಗುವುದಿಲ್ಲ. ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿದರೆ ಅಷ್ಟೇ ಸುತ್ತಿನಲ್ಲಿ ಗಂಟೆಗೆ ಏಳೂವರೆ ಕಿ.ಮೀ., ಸುಮಾರು 165 ವಾಟ್. ಈ ವ್ಯತ್ಯಾಸ ಕಾಲಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ದೊಡ್ಡ ಕ್ಯಾಸೆಟ್‌ಗೆ ಉದ್ದ ಕೇಜಿನ (ಚೈನನ್ನು ಬಿಗಿಯಾಗಿ ಹಿಡಿಯುವ ತೋಳಿನ) ಡಿರೇಲರ್ ಬೇಕಾಯಿತು, ಅದಕ್ಕೆ ತಕ್ಕ ಉದ್ದದ ಹೊಸ ಚೈನೂ ಬೇಕಾಯಿತು. ಎಲ್ಲ ಸೇರಿ ಏಳು ಸಾವಿರ ರೂಪಾಯಿಯ ಆಸುಪಾಸು ಖರ್ಚಾಯಿತು. ಏರು ಹಗುರವಾಯಿತು, ಬಸ್ಸಿನ ತೊಂದರೆ ಹಾಗೆಯೇ ಉಳಿಯಿತು.

ಚಾರ್ಮಾಡಿಯದು ಬೇರೆಯೇ ಸ್ವಭಾವ. ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಉಜಿರೆ ದಾಟಿ, ಚಾರ್ಮಾಡಿ ಊರಿನಿಂದ ಕೊಟ್ಟಿಗೆಹಾರದವರೆಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಏರಬೇಕು. ಮೇಲಿನ ಅರ್ಧದಲ್ಲಿ ಮರಗಳ ಮರೆ ಕಡಿಮೆಯಾಗಿ ಕಣಿವೆ ತೆರೆದುಕೊಳ್ಳುವ ನೋಟಕ್ಕೆ ಉಳಿದೆರಡು ದಾರಿಗಳಲ್ಲಿ ಸಾಟಿಯಿಲ್ಲ. ಆದರೆ ಧರ್ಮಸ್ಥಳಕ್ಕೆ ಹೋಗಿಬರುವ ವಾಹನಗಳು ಬೆಳಗಿನ ಜಾವದಿಂದಲೇ ಸಾಲುಗಟ್ಟುತ್ತವೆ, ಭಾನುವಾರಗಳಲ್ಲಿ ಝರಿಗಳ ಬಳಿ ಕಾರುಗಳನ್ನು ರಸ್ತೆಗೇ ಅಡ್ಡಲಾಗಿ ನಿಲ್ಲಿಸಿರುತ್ತಾರೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿ ಬಹುಕಾಲ ಮುಚ್ಚಿತ್ತು. ಡಾಂಬರು ಮತ್ತು ಕಾಂಕ್ರೀಟು ಸೇರುವ ಕಡೆಗಳಲ್ಲಿ ಇರುವ ಸಣ್ಣ ಮೆಟ್ಟಿಲನ್ನು ಇಳಿಯುವಾಗ 25 ಮಿ.ಮೀ. ಟೈರಿನಲ್ಲಿ ಜಾಗ್ರತೆಯಾಗಿ ದಾಟಬೇಕು. ಮಂಜು ಕವಿದರೆ ಮುಂದಿನ ತಿರುವೂ ಕಾಣುವುದಿಲ್ಲ. ನನ್ನ ಮೂರು ಸವಾರಿಗಳಲ್ಲಿ ಎರಡು ಬಾರಿ ಮಂಜು ಸಿಕ್ಕಿತು.

ಮಾಳದ ದಾರಿಯೂ ರಾಷ್ಟ್ರೀಯ ಹೆದ್ದಾರಿಯೇ, ಸಂಖ್ಯೆ 169. ಆದರೂ ಅಲ್ಲಿ ನಾನು ಕಂಡ ವಾಹನಗಳು ಬೆರಳೆಣಿಕೆಯಷ್ಟು. ಅರಣ್ಯ ಇಲಾಖೆಯ ಗೇಟು ದಾಟಿದ ಮೇಲೆ ಎಸ್.ಕೆ. ಬಾರ್ಡರ್‌ವರೆಗೆ ರಸ್ತೆ ಗುಡ್ಡದ ಮೈಯನ್ನು ಅನುಸರಿಸಿ ಬಳಸುತ್ತಾ ಏರುತ್ತದೆ. ತಿರುವುಗಳಿಗೆ ಲೆಕ್ಕವಿಲ್ಲ, ಆದರೆ ಹೆಚ್ಚಿನವು ಅಗಲವಾದವು. ಒಳಅಂಚಿನಲ್ಲಿಯೂ ಏರು ಏಕಾಏಕಿ ಹೆಚ್ಚುವುದಿಲ್ಲ, ಹಿಂದಿನಿಂದ ಬರುವ ಬಸ್ಸಿಗೆ ನಮ್ಮನ್ನು ಕಾಣಲು ಸಾಕಷ್ಟು ಮೊದಲೇ ಅವಕಾಶವಿರುತ್ತದೆ. ನಾನು ಈ ದಾರಿಯನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣ ಇದು: ಗೇಟಿನ ಬಳಿ ಹಿಡಿದ ಲಯವನ್ನು ಮೇಲಿನವರೆಗೂ ಬಿಡಬೇಕಾಗಿಲ್ಲ. ಉಸಿರು, ಪೆಡಲು, ಚೈನಿನ ಸದ್ದು ಮೂರೂ ಒಂದಾದ ಮೇಲೆ, ಮರಗಳ ನಡುವೆ ಎಲ್ಲೋ ಹರಿಯುವ ತೊರೆಯ ಸದ್ದು ಹತ್ತಿರವಾಗಿ ಮತ್ತೆ ದೂರವಾಗುವುದನ್ನು ಕೇಳುತ್ತಾ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ನಿಲ್ಲದೆ ಏರಿದ್ದೇನೆ.

ಎಸ್.ಕೆ. ಬಾರ್ಡರ್‌ನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕೆರೆಕಟ್ಟೆಯ ಮೂಲಕ ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೂಲಕ ಕಳಸಕ್ಕೆ ಹೋಗುತ್ತದೆ. ಸಮಯವಿದ್ದರೆ ಕುದುರೆಮುಖದ ಕಡೆ ತಿರುಗಿ. ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು, ಮೇಲೆ ಹುಲ್ಲುಗಾವಲಿನ ಬೋಳು ಗುಡ್ಡಗಳು, ಸಣ್ಣ ಏರಿಳಿತಗಳ ರಸ್ತೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಈ ದಾರಿಯ ಸೆರಗಿನಲ್ಲಿಯೇ.

ಈ ದಾರಿಯ ಕೊರತೆಗಳನ್ನೂ ಹೇಳಬೇಕು. ಗೇಟಿನಿಂದ ಮುಂದೆ ನೀರು, ತಿಂಡಿ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಮೇಲೆ ಕುದುರೆಮುಖದ ಊರೂ ಬಹಳ ಮಟ್ಟಿಗೆ ಖಾಲಿಯಾಗಿದೆ. ನಾನು ಎರಡು ದೊಡ್ಡ ಬಾಟಲಿ ನೀರು, ನಾಲ್ಕು ಬಾಳೆಹಣ್ಣು, ಹೆಚ್ಚುವರಿ ಟ್ಯೂಬು ಎರಡು ಒಯ್ಯುತ್ತೇನೆ. ದಾರಿ ರಾಷ್ಟ್ರೀಯ ಉದ್ಯಾನದ ಒಳಗಿರುವುದರಿಂದ ಬೇಕೆಂದಲ್ಲಿ ನಿಲ್ಲುವಂತಿಲ್ಲ. ಸಂಚಾರದ ಸಮಯವನ್ನು ಗೇಟಿನಲ್ಲಿ ವಿಚಾರಿಸಿ ಮುಂದೆ ಹೋಗಬೇಕು. ಮೊಬೈಲ್ ಸಂಪರ್ಕ ಬಹುದೂರ ಇರುವುದಿಲ್ಲವಾದ್ದರಿಂದ ಒಬ್ಬರೇ ಹೋಗುವುದು ಬೇಡ. ಅಕ್ಟೋಬರಿನಲ್ಲಿ ಹೋದಾಗ ಪಂಕ್ಚರ್ ಹಾಕಲು ಐದು ನಿಮಿಷ ಹುಲ್ಲಿನ ಅಂಚಿನಲ್ಲಿ ನಿಂತದ್ದಕ್ಕೆ ಎರಡೂ ಕಾಲುಚೀಲಗಳೊಳಗೆ ಇಂಬಳಗಳು ಸೇರಿಕೊಂಡಿದ್ದವು. ಅಂದಿನಿಂದ ಟೈರು ಬಿಚ್ಚುವ ಕೆಲಸವನ್ನು ಬಿಸಿಲು ಬಿದ್ದ ಡಾಂಬರಿನ ಮೇಲೆ ಮಾತ್ರ ಮಾಡುತ್ತೇನೆ.

ಇಳಿಯುವಾಗ ಬ್ರೇಕಿನ ವಿಷಯ: ಮೂರೂ ಕಡೆ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ ತಿರುವಿಗೆ ಮೊದಲು ಒತ್ತಿ, ತಿರುವಿನಲ್ಲಿ ಬಿಡಬೇಕು. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇರುವವರು ಆಗುಂಬೆಯನ್ನು ಒದ್ದೆ ರಸ್ತೆಯಲ್ಲಿ ಇಳಿಯಲೇಬಾರದು.

ನನ್ನ ಆಯ್ಕೆಯಲ್ಲಿ ನನ್ನ ದಿನಚರಿಯ ಪಾಲೂ ಇದೆ. ಭಾನುವಾರ ನಸುಕಿನಲ್ಲಿ ಕಾರ್ಕಳದಿಂದ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಮರಳಬೇಕಾದವನಿಗೆ ಚಾರ್ಮಾಡಿ ದೂರವಾಗುತ್ತದೆ, ಆಗುಂಬೆ ಏರಿದ ಕೂಡಲೇ ಮುಗಿದುಹೋಗುತ್ತದೆ, ಮಾಳ ಸರಿಯಾಗಿ ಹೊಂದುತ್ತದೆ. ಪೂರ್ತಿ ದಿನ ಬಿಡುವಿರುವವರು, ಕಾಲಿನಲ್ಲಿ ಕಸುವಿರುವವರು ಮಾಳದಿಂದ ಏರಿ, ಕೆರೆಕಟ್ಟೆ, ಶೃಂಗೇರಿಯ ಮೇಲೆ ಹೋಗಿ ಆಗುಂಬೆಯಲ್ಲಿ ಇಳಿದು ಹೆಬ್ರಿಯ ಮೂಲಕ ಕಾರ್ಕಳಕ್ಕೆ ಬರಬಹುದು. ಆ ಸುತ್ತು ನೂರ ನಲವತ್ತು ಕಿಲೋಮೀಟರ್ ಆಸುಪಾಸು. ಚಾರ್ಮಾಡಿಯನ್ನು ವರ್ಷಕ್ಕೊಮ್ಮೆ, ವಾರದ ನಡುವೆ ರಜೆ ಸಿಕ್ಕಾಗ ಏರಿದರೆ ಸಾಕು.

ಹೊಸದಾಗಿ ಸೈಕಲ್ಲು ಕೊಂಡವರಿಗೆ ಹಣದ ದೃಷ್ಟಿಯಿಂದ ಇನ್ನೊಂದು ಮಾತು. ಕಳೆದ ಡಿಸೆಂಬರಿನಲ್ಲಿ ಗೆಳೆಯರೊಬ್ಬರ ಸೈಕಲ್ಲಿನಲ್ಲಿ, ಹಿಂದೆ 28 ಹಲ್ಲಿನ ಕ್ಯಾಸೆಟ್ ಇಟ್ಟುಕೊಂಡೇ ಮಾಳವನ್ನು ಏರಿ ನೋಡಿದೆ. ಮೊಣಕಾಲಿಗೆ ಯಾವ ನೋವೂ ಆಗಲಿಲ್ಲ, ಒಂದು ಕಡೆಯೂ ಇಳಿಯಲಿಲ್ಲ. ಆದ್ದರಿಂದ ಗೇರು ಬದಲಿಸಲು ಹಣ ತೆಗೆದಿಡುವ ಮೊದಲು ಬಜಗೋಳಿಯ ಕಡೆ ಒಮ್ಮೆ ಹೋಗಿಬನ್ನಿ.