ಕಂಬ ದಂಡ, ಬ್ಯಾಟ್ ಪರವಾಗಿಲ್ಲ: ಹಿತ್ತಲಿಗೆ ತಂದ ಶಟಲ್ ಸೆಟ್

ಡಾಕ್ಟರ್ ವಾಕಿಂಗ್ ಮಾಡಿ ಅಂದಮೇಲೆ ನಾಲ್ಕು ದಿನ ಕಲಬುರಗಿಯ ಅಪ್ಪನ ಕೆರೆ ಕಡೆ ಹೋಗಿದ್ದೆ. ಐದನೇ ದಿನ ಅಲಾರಾಂ ಬಂದ್ ಮಾಡಿ ಮಲಗಿಬಿಟ್ಟೆ. ಒಬ್ಬಳೇ ಸುತ್ತು ಹಾಕೋದು ನನಗೆ ಆಗಿಬರೋದಿಲ್ಲ. ಮನೆ ಹಿಂದೆ 28 ಅಡಿ ಉದ್ದದ ಹಿತ್ತಲು ಸುಮ್ನೆ ಬಿದ್ದಿದೆ, ಮಕ್ಕಳು ಮೊಬೈಲ್ ಬಿಡೋದಿಲ್ಲ. ಹಾಗಾಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಿಂದ 1,850 ರೂಪಾಯಿ ಕೊಟ್ಟು ಶಟಲ್ ಸೆಟ್ ತಂದೆ. ನಾಲ್ಕು ಬ್ಯಾಟ್, ಮೂರು ಪ್ಲಾಸ್ಟಿಕ್ ಶಟಲ್, ಒಂದು ನೆಟ್, ಎರಡು ಕಂಬ, ಎಲ್ಲಾ ತುಂಬೋಕೆ ಒಂದು ಚೀಲ. ಆರು ತಿಂಗಳು ಆಡಿದ್ದೇವೆ, ಈಗ ಬರೆಯಬಹುದು.

ಮೊದಲು ಕಂಬದ ಕಥೆ. ಒಂದರೊಳಗೊಂದು ಸೇರಿಸೋ ತೆಳು ಪೈಪು, ಕೆಳಗೆ ಮಣ್ಣಿಗೆ ಚುಚ್ಚೋ ಮೊಳೆ. ಡಬ್ಬದ ಮೇಲಿನ ಚಿತ್ರದಲ್ಲಿ ಹಸಿರು ಹುಲ್ಲು ಇತ್ತು. ನಮ್ಮ ಹಿತ್ತಲಲ್ಲಿ ಅರ್ಧ ಶಹಾಬಾದ್ ಫರಸಿ, ಇನ್ನರ್ಧ ಕರಿ ಮಣ್ಣು. ಕಲ್ಲಿಗೆ ಮೊಳೆ ಇಳಿಯಲ್ಲ. ಕರಿ ಮಣ್ಣು ಬೇಸಿಗೆಯಲ್ಲಿ ಬೆರಳು ಹೋಗೋವಷ್ಟು ಬಿರುಕು ಬಿಡುತ್ತೆ, ಮಳೆ ಬಂದರೆ ಕಣಕದ ಹಾಗೆ ಆಗುತ್ತೆ. ನೆಟ್ ಎಳೆದು ಕಟ್ಟಿದರೆ ಎರಡೂ ಕಂಬ ಒಳಕ್ಕೆ ಬಾಗಿ ಒಂದಕ್ಕೊಂದು ನಮಸ್ಕಾರ ಮಾಡುತ್ತಿದ್ದವು. ಟೇಪ್ ಹಿಡಿದು ಅಳೆದೆ. ನಡುವೆ ನೆಟ್ 5 ಅಡಿ ಇರಬೇಕು, ನಮ್ಮದು ನಾಲ್ಕಕ್ಕೂ ಇಳಿದಿತ್ತು. "ವೈನಿ, ಈ ಕಂಬ ನಿಮ್ಮ ಮಾತು ಕೇಳಂಗಿಲ್ರಿ" ಅಂತ ಮೈದುನ ನಕ್ಕ. ಅಂಗಡಿಗೆ ಹೋಗಿ ಕೇಳಿದರೆ, ಬಳಸಿದ ಮಾಲು ವಾಪಸ್ ಇಲ್ಲ ಅಂದರು.

ಕೊನೆಗೆ ಮೈದುನನೇ ದಾರಿ ತೋರಿಸಿದ. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ 20 ಲೀಟರಿನ ಎರಡು ಬಕೆಟ್, ಅದರಲ್ಲಿ ಒಂದೂವರೆ ಇಂಚಿನ ಜಿಐ ಪೈಪು ನಿಲ್ಲಿಸಿ ಸಿಮೆಂಟು, ಜಲ್ಲಿ ತುಂಬಿದ. ಪೈಪು ಸೊಟ್ಟ ಆಗದಿರಲಿ ಅಂತ ನಾಲ್ಕು ಕಡೆ ಹಗ್ಗ ಕಟ್ಟಿದ್ದ. ಒಂದು ವಾರ ದಿನಾ ನೀರು ಹಾಕೋ ಕೆಲಸ ನನ್ನ ಮಗಳದ್ದು. ಈಗ ಗಾಳಿ ಬಂದರೂ ಅಲುಗಲ್ಲ.

ಬ್ಯಾಟ್ ಪರವಾಗಿಲ್ಲ. ಐದನೇ ತರಗತಿ ಮಗಳಿಗೆ ಸರಿಯಾಗಿದೆ. ಒಂಬತ್ತನೇ ತರಗತಿಯ ಮಗ ಜೋರಾಗಿ ಹೊಡೆದು ಒಂದರ ತಂತಿ ಕಿತ್ತ. ಹಿಡಿಯ ಪಟ್ಟಿ ಎರಡೇ ತಿಂಗಳಿಗೆ ಬೆವರಿಗೆ ಬಿಚ್ಚಿಕೊಂಡಿತು, ಹೊಸದು ಸುತ್ತಿದೆವು.

ಸೆಟ್ಟಿನ ಶಟಲ್ ಮಾತ್ರ ಬೇಡವೇ ಬೇಡ. ಬೇರೆ ನೈಲಾನ್ ಶಟಲ್ ತಗೊಳ್ಳಿ. ತಗೊಳ್ಳುವಾಗ ಶಟಲ್ ಬುಡದ ಬಿರಡೆ ಸುತ್ತಲಿನ ಪಟ್ಟಿ ನೋಡಿ: ಹಸಿರು ಅಂದರೆ ನಿಧಾನ, ನೀಲಿ ಮಧ್ಯಮ, ಕೆಂಪು ಜೋರು. ಸೆಕೆಯಲ್ಲಿ ಗಾಳಿ ಹಗುರಾಗಿ ಶಟಲ್ ಜಾಸ್ತಿ ದೂರ ಹೋಗುತ್ತೆ. ಹಾಗಾಗಿ ನಮ್ಮ ಕಲಬುರಗಿ ಬೇಸಿಗೆಗೆ ಹಸಿರೇ ಸರಿ. ನಾನು ಮೊದಲು ಕೆಂಪು ತಂದು ಪಕ್ಕದ ಮನೆ ತಗಡಿನ ಮೇಲೆ ನಾಲ್ಕು ಶಟಲ್ ಕಳೆದೆ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತಲ್ವಾ, ಬೆಳಿಗ್ಗೆ ಆಡೋಕೆ ನನಗೆ ಟೈಮ್ ಇಲ್ಲ. ಸಂಜೆ ಆರಕ್ಕೂ ಫರಸಿ ಕಾದ ಹಂಚಿನ ಹಾಗೇ ಇರುತ್ತೆ. ಎರಡು ಕೊಡ ನೀರು ಚೆಲ್ಲಿ, ಅದು ಪೂರ್ತಿ ಆರಿದ ಮೇಲೆ ಇಳಿಯುತ್ತೇವೆ. ಒದ್ದೆ ಕಲ್ಲಿನ ಮೇಲೆ ಆಡಬೇಡಿ, ನಮ್ಮವರು ಜಾರಿ ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದರು.

ಗಾಳಿ ಜಾಸ್ತಿ ಇದ್ದ ದಿನ 5 ಗ್ರಾಮಿನ ಶಟಲ್ ನಮ್ಮ ಮಾತು ಕೇಳಲ್ಲ. ಆಗ ಅದೇ ನೆಟ್ಟಿನ ಮೇಲೆ ರಬ್ಬರ್ ರಿಂಗ್ ಎಸೆದು ಹಿಡಿಯೋ ಆಟ. ನಾನು ಶಾಲೆಯಲ್ಲಿ ಆಡಿದ್ದೇ ಅದು. ಅತ್ತೆ ಮೊದಲು ಕುರ್ಚಿ ಹಾಕಿಕೊಂಡು ಬರೀ ಪಾಯಿಂಟ್ ಎಣಿಸುತ್ತಿದ್ದರು, ಅದರಲ್ಲೂ ಮೊಮ್ಮಗಳ ಕಡೆ ವಾಲುತ್ತಿದ್ದರು. ಒಂದು ದಿನ ರಿಂಗ್ ಅವರ ಮಡಿಲಿಗೇ ಬಿತ್ತು. "ಆಯಿ, ಒಗಿ!" ಅಂತ ಮಗಳು ಕೂಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದವರು ಈಗ ದಿನಾ ಹತ್ತು ನಿಮಿಷ ಆಡುತ್ತಾರೆ.

ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಬೆವರು ಬರೋ ಚಟುವಟಿಕೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮದು ದಿನಕ್ಕೆ 40 ನಿಮಿಷದಂತೆ ಐದು ದಿನ, 200 ಆಯಿತು. ಅದರಲ್ಲಿ ಶಟಲ್ ಹುಡುಕಿದ್ದೂ ಸೇರಿದೆ, ಬಗ್ಗಿ ಎದ್ದಿದ್ದೂ ವ್ಯಾಯಾಮವೇ.

ಐದಕ್ಕೆ ಎರಡೂವರೆ ಸ್ಟಾರ್. ಬ್ಯಾಟ್, ನೆಟ್, ಶಟಲ್ ಬಿಡಿಯಾಗಿ ಕೊಂಡು ಕಂಬ ಮನೆಯಲ್ಲೇ ಮಾಡಿಕೊಳ್ಳಿ. ಮೊನ್ನೆ ಪಕ್ಕದ ಮನೆಯವರು ಹುಟ್ಟುಹಬ್ಬಕ್ಕೆ ಸೆಟ್ ಕೇಳಿದರು. ಚೀಲ ಕೊಟ್ಟೆ. ಬಕೆಟ್ ಎತ್ತೋಕೆ ಹೋದವರು ಒಮ್ಮೆ ಅಲುಗಾಡಿಸಿ ನೋಡಿ, "ಅಕ್ಕಾ, ನಾವೇ ಇಲ್ಲಿಗೆ ಬರ್ತೀವಿ ಬಿಡ್ರಿ" ಅಂದರು.