ಮೈಕ್ರೋಸಾಫ್ಟ್ ಡಿಫೆಂಡರ್: ಬಿಟ್ಟಿ ಬಂದಿದ್ದೇ ಸಾಕು, ಆದರೆ ಬಂದ ಹಾಗೇ ಬಿಡಬೇಡಿ

ಮನೆಯ ವಿಂಡೋಸ್ 11 ಕಂಪ್ಯೂಟರ್‌ಗೆ ವರ್ಷವರ್ಷ ದುಡ್ಡು ಕಟ್ಟಿ ಬೇರೆ ಆಂಟಿವೈರಸ್ ಹಾಕಿಸಬೇಕಿಲ್ಲ. ಜೊತೆಯಲ್ಲೇ ಬರುವ ಡಿಫೆಂಡರ್ ಸಾಕು. ಸೆಟ್ಟಿಂಗ್ ಮಾತ್ರ ನೀವೇ ಸರಿಮಾಡಬೇಕು.

ಮೊದಲು, ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ತೆಗೆಯಿರಿ. ಅದು ಕೆಲಸ ಮಾಡುತ್ತಿರುವಾಗ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ತಾನಾಗಿ ಆನ್ ಆಗುತ್ತದೆ.

ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ತೆರೆದು, ಕೆಳಗಿರುವ ಮ್ಯಾನೇಜ್ ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒತ್ತಿ. ರ್‍ಯಾನ್ಸಮ್‌ವೇರ್ ಎಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್. ಆ ಪುಟದಲ್ಲಿರುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳಲ್ಲಿ ಗುರುತಿಲ್ಲದ ಪ್ರೋಗ್ರಾಂ ಏನನ್ನೂ ಬದಲಿಸಲಾಗದು. ಕಿರಿಕಿರಿ ಶುರುವಾಗುವುದೂ ಇಲ್ಲೇ. ಹಳೇ ಅಕೌಂಟಿಂಗ್ ಸಾಫ್ಟ್‌ವೇರ್ ಇದ್ದಕ್ಕಿದ್ದಂತೆ ಫೈಲ್ ಸೇವ್ ಮಾಡಲು ಒಪ್ಪದಿರಬಹುದು. ಆಗ ಬ್ಲಾಕ್ ಹಿಸ್ಟರಿಯಲ್ಲಿ ಅದರ ಹೆಸರು ಹುಡುಕಿ ಅದೊಂದಕ್ಕೆ ಅನುಮತಿ ಕೊಡಿ. ಸಿಟ್ಟಿನಲ್ಲಿ ಇಡೀ ಸೌಲಭ್ಯವನ್ನೇ ಆಫ್ ಮಾಡುವವರೇ ಹೆಚ್ಚು.

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಯಾವುದನ್ನೂ ಡಬಲ್ ಕ್ಲಿಕ್ ಮಾಡಬೇಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ. ಡಿಫೆಂಡರ್ ವೈರಸ್ ತೆಗೆಯುತ್ತದೆ, ಆದರೆ ಅಡಗಿಸಿಟ್ಟ ಫೋಲ್ಡರ್‌ಗಳನ್ನು ವಾಪಸ್ ತೋರಿಸುವುದಿಲ್ಲ. ಅದಕ್ಕೆ ಕಮಾಂಡ್ ಪ್ರಾಂಪ್ಟ್‌ನ ಆಟ್ರಿಬ್ (attrib) ಆದೇಶ ಬಳಸಿ ಹಿಡನ್, ಸಿಸ್ಟಂ ಗುರುತು ಎರಡನ್ನೂ ಒಟ್ಟಿಗೆ ತೆಗೆಯಬೇಕು. ತೆಗೆದ ವೈರಸ್ ಕಂಪ್ಯೂಟರ್‌ನಲ್ಲಿ ಮತ್ತೆ ಮತ್ತೆ ಕಾಣಿಸಿದರೆ ಆಫ್‌ಲೈನ್ ಸ್ಕ್ಯಾನ್ ಮಾಡಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುವುದರಿಂದ ವೈರಸ್‌ಗೆ ಅವಿತುಕೊಳ್ಳಲು ಜಾಗವಿರುವುದಿಲ್ಲ. ಸುಮಾರು 15 ನಿಮಿಷ ಬೇಕು. ತೆರೆದಿರುವ ಫೈಲುಗಳನ್ನು ಮೊದಲೇ ಸೇವ್ ಮಾಡಿಕೊಳ್ಳಿ.

ಅಪ್‌ಡೇಟ್ ನಿಂತ ವಿಂಡೋಸ್‌ಗೆ ಡಿಫೆಂಡರ್ ಒಂದೇ ಆಸರೆಯಾಗಲಾರದು. 2017ರ ಮೇನಲ್ಲಿ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹಬ್ಬಿದ್ದು ಯಾರೂ ಏನನ್ನೂ ಕ್ಲಿಕ್ ಮಾಡದೆಯೇ, ನೆಟ್‌ವರ್ಕ್‌ನ ಹಳೇ ಫೈಲ್ ಶೇರಿಂಗ್ ದೋಷದ ಮೂಲಕ. ಆ ದೋಷ ಮುಚ್ಚುವ ಅಪ್‌ಡೇಟ್ (ಪ್ಯಾಚ್) ಮಾರ್ಚ್‌ನಲ್ಲೇ ಬಂದಿತ್ತು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವವರು ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಲಿ, ಇಲ್ಲವೇ 11ಕ್ಕೆ ಹೋಗಲಿ.

ಮ್ಯಾಕ್‌ಗೆ ವೈರಸ್ಸೇ ಬರಲ್ಲ ಅನ್ನುವವರಿಗೆ 2012ರ ಫ್ಲ್ಯಾಶ್‌ಬ್ಯಾಕ್ ವೈರಸ್ ನೆನಪಿಸಬೇಕು. ಜಾವಾ ದೋಷ ಹಿಡಿದು ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ಹೊಕ್ಕಿತ್ತು. ಮ್ಯಾಕ್‌ನಲ್ಲಿ ಎಕ್ಸ್‌ಪ್ರೊಟೆಕ್ಟ್ ಎಂಬ ಒಳಗಿನ ರಕ್ಷಣೆ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಆದರೆ ಡಿಫೆಂಡರ್‌ನಲ್ಲಿರುವಂತೆ ಸ್ಕ್ಯಾನ್ ಬಟನ್ ಇಲ್ಲ. ಲಿನಕ್ಸ್‌ನ ಉಬುಂಟುವಿನಲ್ಲಿ ಸಾಫ್ಟ್‌ವೇರ್ ಅಧಿಕೃತ ಭಂಡಾರದಿಂದಲೇ ಬರುವುದರಿಂದ ಮನೆ ಬಳಕೆಗೆ ಅಪಾಯ ಕಡಿಮೆ. ಕ್ಲ್ಯಾಮ್‌ಎವಿ ಎಂಬ ಆಂಟಿವೈರಸ್ ಅಲ್ಲಿ ಹೆಚ್ಚಾಗಿ ವಿಂಡೋಸ್‌ನವರಿಗೆ ಕೊಡುವ ಫೈಲುಗಳ ತಪಾಸಣೆಗೆ ಉಪಯೋಗ.

ಕ್ರ್ಯಾಕ್ ಮಾಡಿದ ವಿಂಡೋಸ್ ಅಥವಾ ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸುವ ಆಕ್ಟಿವೇಟರ್ ಹಾಕುವವರಿಗೆ ಈ ವಿಮರ್ಶೆಯ ಯಾವ ಮಾತೂ ಅನ್ವಯಿಸುವುದಿಲ್ಲ. ಅವುಗಳ ಜೊತೆ ಬರುವ ಸೂಚನೆಯ ಮೊದಲ ಸಾಲೇ ಸಾಮಾನ್ಯವಾಗಿ ‘ಡಿಫೆಂಡರ್ ಆಫ್ ಮಾಡಿ’ ಎಂದಿರುತ್ತದೆ.